ಅರ್ಜಿಯ ಬಾಗಿಲಿಗೂ ಕಾವಲು ಬೇಕು



ನ್ಯೂ ಟೌನಿಗೆ ಹೊಸದಾಗಿ ಬಂದ ಸಂಸಾರವು ಸಂಘವೊಂದರ ಜಾಲತಾಣದ ಅರ್ಜಿಯಲ್ಲಿ ಹೆಸರು, ಫೋನು, ವಿಳಾಸಗಳನ್ನು ನಂಬಿಕೆಯಿಂದ ಬರೆದುಕೊಡುವುದುಂಟು. ಆ ಅರ್ಜಿಯನ್ನು ನಡೆಸುವುದು ಪ್ಲಗಿನ್ ಎಂಬ ಸಿದ್ಧ ತಂತ್ರಾಂಶ. ಅದರಲ್ಲಿ ದೋಷವಿದ್ದರೆ ದುಷ್ಟನೊಬ್ಬನು ಹೆಸರಿನ ಜಾಗದಲ್ಲಿ ಸ್ಕ್ರಿಪ್ಟನ್ನೇ ಬರೆದಾನು; ಕಾರ್ಯದರ್ಶಿಗಳು ಅರ್ಜಿಯನ್ನು ತೆರೆದೊಡನೆ ಅದು ಅವರ ಅಧಿಕಾರದಿಂದಲೇ ನಡೆದೀತು; ಸದಸ್ಯರ ಪಟ್ಟಿ ಪರರ ಕೈಸೇರೀತು. 2005ರ ಅಕ್ಟೋಬರಿನಲ್ಲಿ ಮೈಸ್ಪೇಸ್ ತಾಣದಲ್ಲಿ ಹೀಗೆ ಸೇರಿಸಿದ ಸ್ಕ್ರಿಪ್ಟೊಂದು ಒಂದು ದಿನ ತುಂಬುವುದರೊಳಗೆ 10 ಲಕ್ಷಕ್ಕೂ ಮಿಕ್ಕ ಪುಟಗಳಿಗೆ ಹಬ್ಬಿತು.

ಉಪಾಯವೇನೂ ಕಠಿಣವಲ್ಲ. ಪ್ಲಗಿನ್ನನ್ನು ಕಾಲಕಾಲಕ್ಕೆ ನವೀಕರಿಸಬೇಕು; ಬಳಸದ್ದನ್ನು ತೆಗೆದುಹಾಕಬೇಕು; ಹೊರಗಿನಿಂದ ಬಂದ ಬರಹವನ್ನು ಆಜ್ಞೆಯಾಗಲು ಬಿಡದೆ ಬರಿಯ ಅಕ್ಷರವಾಗಿಯೇ ತೋರಿಸಬೇಕು; ಅನಾವಶ್ಯಕ ವಿವರವನ್ನು ಕೇಳಲೇಬಾರದು.

ಪರಸ್ಥಳದಲ್ಲಿ ನಮ್ಮವರು ನಂಬಿ ಕೊಟ್ಟ ವಿಳಾಸವು ಇಡುಗಂಟಿನಂತೆ. ಅದನ್ನು ಕಾಯುವುದೂ ಕನ್ನಡದ ಸೇವೆಯೇ.