ಬೇರಿನ ಗಂಟಿನ ಕಾಯಕ



ನಾನು ಪಂಡಿತನಲ್ಲ, ಎರೆಹೊಲದ ರೈತ. ಕಾಯಕದ ಬಗ್ಗೆ ನಾಲ್ಕು ಮಾತು ಆಡಲು ಪೂಜ್ಯರು ಅಪ್ಪಣೆ ಕೊಡಿಸಿದ್ದಾರೆ. ನನ್ನ ಹೊಲದಲ್ಲಿ ಕಣ್ಣಿಗೆ ಕಾಣದೆ ಕಾಯಕ ಮಾಡುವವರ ಬಗ್ಗೆ, ಅವರಿಗೆ ನಾನು ಮಾಡಿದ ಅನ್ಯಾಯದ ಬಗ್ಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮುಂಗಾರಿನ ಹೆಸರಿಗೆ ಯೂರಿಯಾ ಚೆಲ್ಲಿದೆ. "ಹೆಸರಿನ ಹೊಲಕ್ಕ ಸರಕಾರಿ ಗೊಬ್ಬರ ಹಾಕ್ತಾರೇನೋ ತಮ್ಮಾ?" ಎಂದು ಅವ್ವ ಕೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳೆ ಹಚ್ಚಗೆ ಎದ್ದಿತು, ಕಾಯಿ ಮಾತ್ರ ಕಡಿಮೆ. ಗಿಡಗಳನ್ನು ಬೇರುಸಹಿತ ಕಿತ್ತು ಕಣಕ್ಕೆ ತಂದೆ. ಅದೇ ಹೊಲದಲ್ಲಿ ಬಿತ್ತಿದ ಹಿಂಗಾರಿ ಜೋಳ ಹಳದಿಗೆ ತಿರುಗಿತು. ಅದಕ್ಕೆ ಮತ್ತೆ ಯೂರಿಯಾ, ಅಂಗಡಿಯಲ್ಲಿ ಮತ್ತೆ ಉದ್ರಿ.

ತಪ್ಪು ಎಲ್ಲಿ ಆಯಿತೆಂದು ತಿಳಿದವರನ್ನು ಕೇಳಿದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಆದರೆ ಗಿಡ ಅದನ್ನು ನೇರವಾಗಿ ಉಣ್ಣಲಾರದು. ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಹೆಸರು, ತೊಗರಿ, ಶೇಂಗಾದಂಥ ಬೆಳೆಗಳ ಬೇರು ಹೊಕ್ಕು ಗಂಟು ಕಟ್ಟುತ್ತದೆ. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡಿ ಗಿಡಕ್ಕೆ ಕೊಡುತ್ತದೆ. ಗಿಡವು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯನ್ನು ಅದಕ್ಕೆ ಉಣಿಸುತ್ತದೆ. ಇಬ್ಬರೂ ದುಡಿಯುತ್ತಾರೆ, ಇಬ್ಬರೂ ನೀಡುತ್ತಾರೆ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಎಂಬ ವಿಜ್ಞಾನಿ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದರು. ಜೋಳದಲ್ಲಿ ತೊಗರಿಯ ಅಕ್ಕಡಿ ಹಾಕುತ್ತಿದ್ದ ನಮ್ಮ ಹಿರಿಯರಿಗೆ ಅದರ ಹೆಸರು ಗೊತ್ತಿರಲಿಲ್ಲ, ಫಲ ಗೊತ್ತಿತ್ತು.

ಮಣ್ಣಿನಲ್ಲಿ ಸಿದ್ಧ ಸಾರಜನಕ ಹೆಚ್ಚಾದರೆ ಗಿಡ ಈ ಜೊತೆಗಾರನನ್ನು ಸಾಕುವುದಿಲ್ಲ, ಗಂಟು ಕಡಿಮೆಯಾಗುತ್ತದೆ. ನಾನು ದುಡ್ಡು ಕೊಟ್ಟು ತಂದ ಯೂರಿಯಾ, ಪುಕ್ಕಟೆ ದುಡಿಯುತ್ತಿದ್ದವರನ್ನು ಹೊಲದಿಂದ ಹೊರಹಾಕಿತ್ತು.

ಈಗ ನಾನು ಮಾಡುವುದಿಷ್ಟು. ಆಯಾ ಬೆಳೆಗೆ ಹೊಂದುವ ರೈಜೋಬಿಯಂ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ತಡಮಾಡದೆ ಬಿತ್ತುತ್ತೇನೆ. ಬಿಸಿಲಿಗೆ ಇಟ್ಟರೆ ಆ ಜೀವಿಗಳು ಸಾಯುತ್ತವೆ. ಬಿತ್ತುವಾಗ ಅಲ್ಪ ಗೊಬ್ಬರ ಬೇಕಾದೀತು, ಆಮೇಲೆ ಯೂರಿಯಾ ಚೆಲ್ಲುವುದಿಲ್ಲ. ಹೂ ಬಿಡುವ ಹೊತ್ತಿಗೆ ಒಂದು ಗಿಡ ಮೆಲ್ಲಗೆ ಅಗೆದು ಗಂಟು ಒಡೆದು ನೋಡುತ್ತೇನೆ. ಒಳಗೆ ನಸುಗೆಂಪು ಕಂಡರೆ ಕಾಯಕ ನಡೆದಿದೆ. ಬೂದು ಅಥವಾ ಹಸಿರು ಕಂಡರೆ ನಿಂತಿದೆ.

ಇನ್ನೊಂದು ಮಾತು. ಹೆಸರು ಬಿತ್ತಿದ ಮಾತ್ರಕ್ಕೆ ಹೊಲ ತಾನಾಗಿ ಫಲವತ್ತಾಗದು. ಕಾಳಿನ ಜೊತೆ ಬಹಳಷ್ಟು ಸಾರಜನಕ ಮನೆಗೆ ಬರುತ್ತದೆ. ಮಣ್ಣಿಗೆ ಉಳಿಯುವುದು ಬೇರು, ಉದುರಿದ ಎಲೆ, ಹೊಟ್ಟು. ಅದನ್ನೂ ಕಿತ್ತು ಸುಟ್ಟರೆ ಮುಂದಿನ ಬೆಳೆಗೆ ಏನು ಸಿಕ್ಕೀತು? ಆದ್ದರಿಂದ ಈಗ ಗಿಡ ಕೀಳುವುದಿಲ್ಲ, ಕುಡಗೋಲಿನಿಂದ ಕೊಯ್ಯುತ್ತೇನೆ; ಹೊಟ್ಟು ದನಕ್ಕೆ, ಸಗಣಿ ಹೊಲಕ್ಕೆ.

ದಾಸೋಹವೆಂದರೆ ಮಠದಲ್ಲಿ ಬಡಿಸುವ ಅನ್ನವೊಂದೇ ಎಂದು ತಿಳಿದಿದ್ದೆ. ದುಡಿದವರ ಪಾಲು ದುಡಿದವರಿಗೆ ಮುಟ್ಟಿಸುವುದೂ ದಾಸೋಹವೇ. ಮಣ್ಣಿನ ಪಾಲನ್ನು ಮಣ್ಣಿಗೆ ಬಿಡೋಣ. ಈ ಹೊಲವನ್ನು ನಾಳೆ ಉಳುವವರು ನಮ್ಮ ಮಕ್ಕಳು.