ಹಾಲಾಡಿಯ ಜಗಲಿಯಲ್ಲಿ ಕಂಡ ಗೆಳೆತನ



ಗೆಳೆತನವೆಂದರೆ ಒಂದೇ ಬೆಂಚಿನಲ್ಲಿ ಕೂತವರದು ಎಂದು ನೀವು ತಿಳಿದಿರಬಹುದು. ನಿಮ್ಮ ವಯಸ್ಸಿನಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಅರವತ್ತು ದಾಟಿದವರಿಗೂ ಇಪ್ಪತ್ತರವರಿಗೂ ಸ್ನೇಹ ಕೂಡಿಬರುವುದನ್ನು ನಾನು ಕಂಡದ್ದು ಕುಂದಾಪುರದ ಕಡೆಯ ಹಾಲಾಡಿಯಲ್ಲಿ.

ಬೀಡಿ ಕಟ್ಟುವ ಹೆಂಗಸರ ಬಗ್ಗೆ ಕಾರ್ಯಕ್ರಮ ಮಾಡಲು ಹೋಗಿದ್ದೆವು. ವಾರಾಹಿ ಹೊಳೆಗೆ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ಇಬ್ಬರು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕೂತಿದ್ದರು. ಅಜ್ಜಿ, ಮೊಮ್ಮಗಳು ಎಂದುಕೊಂಡೆ. ಅಲ್ಲ, ನೆರೆಹೊರೆಯವರು. ಹಿರಿಯಾಕೆಯ ಗಂಡ ಮುಂಬಯಿಯ ಹೋಟೆಲ್ ಕೆಲಸಕ್ಕೆ ಹೋದವರು. ಮೊದಲು ಮನಿಯಾರ್ಡರ್ ನಿಂತಿತು, ಆಮೇಲೆ ಕಾಗದವೂ ನಿಂತಿತು. ಕಿರಿಯಾಕೆಗೆ ನಿಶ್ಚಯವಾಗಿದ್ದ ಮದುವೆ ಮುರಿದಿತ್ತು.

"ಇವಳಿಗೆ ಹೇಗೆ ಸಮಾಧಾನ ಹೇಳಿದಿರಿ, ಅಮ್ಮಾ?" ಎಂದು ಕೇಳಿದೆ. ಈಗ ಯೋಚಿಸಿದರೆ ಒರಟು ಪ್ರಶ್ನೆ.

"ಎಂಥ ಸಮಾಧಾನ? ಕೂಕೋ ಹೆಣೆ, ಎಲೆ ಕತ್ತರ್ಸ್ ಅಂದೆ."

ಹುಡುಗಿ ನಕ್ಕಳು. "ಏನಾಯ್ತು ಅಂತ ಊರೆಲ್ಲ ಕೇಳ್ತು, ದೊಡ್ಡಮ್ಮ ಒಬ್ರೇ ಕೇಳ್ಲಿಲ್ಲ. ತಿಂಗಳುಗಟ್ಟಲೆ ಇಲ್ಲೇ ಕೂತಿದ್ದೆ. ಒಂದಿನ ನಾನಾಗಿಯೇ ಹೇಳ್ದೆ. ಅವತ್ತೇ ಇವ್ರು ಪೆಟ್ಟಿಗೆಯಿಂದ ಒಂದು ಹಳೇ ಕಾಗದ ತೆಗೆದು, ಓದು ಅಂದ್ರು."

ಹಿರಿಯಾಕೆಗೆ ಅಕ್ಷರ ಬರುತ್ತಿರಲಿಲ್ಲ. ಬೇರೆಯವರಿಂದ ಓದಿಸಿದರೆ ಊರಿಗೆಲ್ಲ ಸುದ್ದಿಯಾದೀತೆಂದು, ಗಂಡನ ಕೊನೆಯ ಕಾಗದವನ್ನು ಓದಿಸದೆಯೇ ಇಟ್ಟುಕೊಂಡಿದ್ದರು! ಅದರಲ್ಲೇನಿತ್ತೆಂದು ನಾವು ಕೇಳಲಿಲ್ಲ.

ಗಮನಿಸಿ, ಇಲ್ಲಿ ದೊಡ್ಡವರು ಕೊಟ್ಟರು, ಚಿಕ್ಕವರು ಪಡೆದರು ಎಂಬ ಲೆಕ್ಕವಿಲ್ಲ. ನಾನು ವಿಜ್ಞಾನ ಓದಿದವಳು, ಆದ್ದರಿಂದ ಮುರಿದ ಮೂಳೆಯ ನೆನಪಾಗುತ್ತದೆ. ಕಟ್ಟಿದ ದಬ್ಬೆ ಮೂಳೆಯನ್ನು ಕೂಡಿಸುವುದಿಲ್ಲ, ಅಲುಗದಂತೆ ಹಿಡಿದಿರುತ್ತದೆ, ಅಷ್ಟೆ. ಕೂಡಿಕೊಳ್ಳುವುದು ಮೂಳೆಯೇ.

ಹಾಲಾಡಿಯ ಕಡೆಯಿಂದ ಘಟ್ಟ ಹತ್ತಿದರೆ ತೀರ್ಥಹಳ್ಳಿ ಸೀಮೆ. ಅಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ 1976ರ ಕಾದಂಬರಿ 'ಫಣಿಯಮ್ಮ' ಓದಿದ್ದೀರಾ? 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಫಣಿಯಮ್ಮ ಇಂದಿರಾ ಅವರ ಕುಟುಂಬದಲ್ಲೇ ಬಾಳಿದವರು. ಬಾಲ್ಯದಲ್ಲೇ ಮದುವೆ; ಸ್ವಲ್ಪ ಕಾಲದಲ್ಲೇ ಹಾವು ಕಚ್ಚಿ ಗಂಡ ತೀರಿಕೊಂಡ; ಮೈನೆರೆದಾಗ ತಲೆ ಬೋಳಿಸಿದರು. ಮುಂದೆ ದಾಕ್ಷಾಯಿಣಿ ಎಂಬ ಹರೆಯದ ವಿಧವೆ ತಲೆ ಬೋಳಿಸಿಕೊಳ್ಳಲಾರೆನೆಂದು ಹಟ ಹಿಡಿದಾಗ, ಅವಳ ಪರ ಮಾತಾಡಿದವರು ಇದೇ ಮುದುಕಿ. ನಾನು ಪಟ್ಟದ್ದನ್ನು ಇವಳೂ ಪಡಲಿ ಎನ್ನಬಹುದಿತ್ತು, ಎನ್ನಲಿಲ್ಲ. ಫಣಿಯಮ್ಮ ತಮ್ಮ ಬಾಳಿನ ಕಥೆಯನ್ನು ಇಂದಿರಾ ಅವರ ತಾಯಿಗೆ ಹೇಳಿದ್ದರು. ತಾಯಿಯಿಂದ ಮಗಳಿಗೆ ಬಂದು ಅದು ಪುಸ್ತಕವಾಯಿತು.

ಹಾಲಾಡಿಯ ಕಾಗದದ ಮಾತು ನಮ್ಮ ಕಾರ್ಯಕ್ರಮದಲ್ಲಿ ಬರಲಿಲ್ಲ. ಕ್ಯಾಮೆರಾ ನಿಂತ ಮೇಲೆ ಬಂದ ಮಾತದು. ಇದನ್ನು ಬೇರೆ ಮಕ್ಕಳಿಗೆ ಹೇಳಲೇ ಎಂದು ಕೇಳಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರು ಬೇಡ, ಉಳಿದದ್ದು ಹೇಳಿ ಎಂದು ಹಿರಿಯಾಕೆ ಗೆರಸೆಯನ್ನು ಮತ್ತೆ ಮಡಿಲಿಗೆಳೆದುಕೊಂಡರು.