ಬೆಂಕಿಪುರದ ಹಿತ್ತಲಿನಿಂದ ಆಕಾಶದ ಫೋಟೋ

ರಾತ್ರಿ ಊಟ ಮುಗಿಸಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ರೆ ಒಂದು ಕೆಲಸ ಮಾಡಿ. ಹಾಗೇ ಎದ್ದು ಹಿತ್ತಲಿಗೋ ತಾರಸಿಗೋ ಹೋಗಿ ನಿಂತ್ಕೊಳ್ಳಿ. ಇವತ್ತು ನಾನು ಹೇಳೋದು ಅಲ್ಲಿಂದಲೇ ತೆಗೆಯಬಹುದಾದ ಆಕಾಶದ ಫೋಟೋಗಳ ಬಗ್ಗೆ.

ನನ್ನ ಕೆಲಸ ಶಿವಮೊಗ್ಗದಲ್ಲಿ, ಬಾಡಿಗೆ ಮನೆ ವಿನೋಬನಗರದಲ್ಲಿ. ಅಪ್ಪ-ಅಮ್ಮ ಇರೋದು ಭದ್ರಾವತಿಯಲ್ಲಿ. ಶನಿವಾರ ಬಂತು ಅಂದ್ರೆ ಕ್ಯಾಮೆರಾ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಸ್ ಹತ್ತೋದೇ. ನನ್ನ ಹತ್ರ ಟೆಲಿಸ್ಕೋಪ್ ಇಲ್ಲ. ಇರೋದು ಒಂದು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಒಂದು 50 ಎಂಎಂ ಲೆನ್ಸ್, ಮದುವೆ ಫೋಟೋ ತೆಗೆಯೋ ಗೆಳೆಯನಿಂದ ತಂದ ಹಳೇ ಟ್ರೈಪಾಡ್. ವಿನೋಬನಗರದ ತಾರಸಿಯಿಂದ ಕೃತ್ತಿಕೆಯಲ್ಲಿ ನನಗೆ ಕಾಣೋದು ಮೂರೋ ನಾಲ್ಕೋ ನಕ್ಷತ್ರ. ಭದ್ರಾವತಿ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ನಿಂತ್ರೆ ಆರು ಎಣಿಸ್ತೀನಿ. ಅದಕ್ಕೇ ಈ ಓಡಾಟ.

ಮೊದಲ ರಾತ್ರಿ ಪೂರ್ತಿ ಸೋಲು. ಡಿಸೆಂಬರ್ ತಿಂಗಳು, ಒಳ್ಳೆ ಚಳಿ. ಎರಡು ಗಂಟೆ ನಿಂತು ಫೋಟೋ ತೆಗೆದೆ. ಒಳಗೆ ಬಂದು ಲ್ಯಾಪ್‌ಟಾಪಲ್ಲಿ ನೋಡಿದ್ರೆ ಮೊದಲ ಹತ್ತು ನಿಮಿಷ ಬಿಟ್ಟು ಉಳಿದದ್ದೆಲ್ಲ ಮಬ್ಬು. ಲೆನ್ಸ್ ಮೇಲೆ ಇಬ್ಬನಿ ಕೂತಿತ್ತು! ಈಗ ಅಮ್ಮನ ಹೇರ್ ಡ್ರೈಯರ್ ನನ್ನ ಮುಖ್ಯ ಉಪಕರಣ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಲೆನ್ಸಿಗೆ ಸ್ವಲ್ಪ ಬಿಸಿ ಗಾಳಿ.

ನಾನು ಹಿಂದೆ ಬಿದ್ದಿದ್ದು ಮಹಾವ್ಯಾಧನ. ಸಾಲಾಗಿ ಮೂರು ನಕ್ಷತ್ರ ಕಾಣ್ತಾವಲ್ಲ, ಅದು ಅವನ ನಡುಪಟ್ಟಿ. ಭುಜದಲ್ಲಿ ಕೆಂಪಗೆ ಹೊಳೆಯೋದು ಆರ್ದ್ರಾ. ನಮ್ಮ ಕಡೆಯವರಿಗೆ ಈ ಹೆಸರು ಹೊಸದಲ್ಲ, ಆರಿದ್ರಾ ಮಳೆ ಅಂತ ಅಜ್ಜಿ ಹೇಳ್ತಿದ್ರಲ್ಲ, ಅದೇ. ಜೂನ್ ಕೊನೆಗೆ ಸೂರ್ಯ ಆ ನಕ್ಷತ್ರದ ಕಡೆ ಇರ್ತಾನೆ, ಅದಕ್ಕೇ ಆ ದಿನಗಳ ಮಳೆಗೆ ಆ ಹೆಸರು. ಸೂರ್ಯನ ಜೊತೆಗಿರೋ ನಕ್ಷತ್ರ ನಮಗೆ ಕಾಣಲ್ಲ. ಆರು ತಿಂಗಳು ಕಳೆದು ಡಿಸೆಂಬರ್ ಕೊನೆಗೆ ಅದು ಸೂರ್ಯನಿಗೆ ಎದುರಾಗಿರುತ್ತೆ. ಸಂಜೆ ಪೂರ್ವದಲ್ಲಿ ಹುಟ್ಟಿದ್ರೆ ಬೆಳಗಿನ ತನಕ ಆಕಾಶದಲ್ಲೇ. ಮಲೆನಾಡಿನ ಮೋಡವೂ ಆಗ ಖಾಲಿಯಾಗಿರುತ್ತೆ.

ನಡುಪಟ್ಟಿಯ ಕೆಳಗೆ ಒಂದು ಮಸುಕು ಚುಕ್ಕೆ ಇದೆ. ಅದು ನಕ್ಷತ್ರ ಅಲ್ಲ, ನೀಹಾರಿಕೆ. ಅನಿಲ, ಧೂಳು ಸೇರಿ ಹೊಸ ನಕ್ಷತ್ರಗಳು ಹುಟ್ಟುತ್ತಿರೋ ಜಾಗ. ದೂರ ಸುಮಾರು 1,300 ಜ್ಯೋತಿರ್ವರ್ಷ. ಅಂದ್ರೆ ಬಾದಾಮಿ ಚಾಲುಕ್ಯರ ಕಾಲದಲ್ಲಿ ಅಲ್ಲಿಂದ ಹೊರಟ ಬೆಳಕು ನಮ್ಮ ಹಿತ್ತಲಿಗೆ ಈಗ ಬಂದು ಮುಟ್ಟುತ್ತಿದೆ.

ತೆಗೆಯೋದು ಹೇಗೆ? ಭೂಮಿ ತಿರುಗೋದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರೀತದೆ. ಜಾಸ್ತಿ ಹೊತ್ತು ಶಟರ್ ತೆರೆದಿಟ್ರೆ ನಕ್ಷತ್ರ ಚುಕ್ಕೆಯಾಗಿ ಉಳಿಯಲ್ಲ, ಗೆರೆ ಆಗುತ್ತೆ. ನನ್ನ ಲೆನ್ಸಿಗೆ 5 ಸೆಕೆಂಡೇ ಮಿತಿ. ಅಷ್ಟರಲ್ಲಿ ಬರೋ ಬೆಳಕು ಸಾಲಲ್ಲ. ಹಾಗಾಗಿ ಅಂಥ 100 ಫೋಟೋ ತೆಗೆದು ಕಂಪ್ಯೂಟರಲ್ಲಿ ಒಂದರ ಮೇಲೊಂದು ಜೋಡಿಸೋದು. ನಕ್ಷತ್ರ ಪ್ರತಿ ಫೋಟೋದಲ್ಲೂ ಇರುತ್ತೆ, ಕ್ಯಾಮೆರಾದ ಕಾಳುಕಾಳು ಕಲೆ ಮಾತ್ರ ಪ್ರತಿ ಸಲ ಬೇರೆ ಕಡೆ ಬೀಳುತ್ತೆ. ನೂರರ ಸರಾಸರಿ ತೆಗೆದಾಗ ಆ ಕಲೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಅನ್ನೋ ಸಾಫ್ಟ್‌ವೇರ್‌ಗಳು ಈ ಕೆಲಸ ಉಚಿತವಾಗಿ ಮಾಡಿಕೊಡ್ತವೆ.

ಇನ್ನು ಅಪ್ಪನ ವಿಷಯ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿದವರು. ನೈಟ್ ಶಿಫ್ಟಿನ ದಿನಗಳಲ್ಲಿ ಕುಲುಮೆ ಬೆಳಕಿಗೆ ಮೇಲಿನ ಮೋಡವೂ ಕೆಂಪಾಗ್ತಿತ್ತು ಅಂತ ಹೇಳ್ತಾರೆ. ಒಂದು ರಾತ್ರಿ ಟ್ರೈಪಾಡ್ ನಿಲ್ಲಿಸ್ತಾ ನಾನು ಖುಷಿಯಲ್ಲಿ ಅಂದೆ: "ಅಪ್ಪಾ, ಫ್ಯಾಕ್ಟರಿ ಕಡೆ ಈಗ ಎಷ್ಟು ಕಪ್ಪಗಿದೆ ನೋಡಿ. ಫೋಟೋಗೆ ಬಹಳ ಒಳ್ಳೇದು."

ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಅಲ್ಲಿ ಕಪ್ಪಗಿದೆ ಅಂದ್ರೆ ಅಲ್ಲಿ ಕೆಲಸ ಇಲ್ಲ ಅಂತ ಮಗಾ" ಅಂದು ಒಳಗೆ ಹೋದ್ರು.

ಆ ರಾತ್ರಿ ನನಗೆ ಒಂದು ಫೋಟೋನೂ ತೆಗೆಯೋಕೆ ಆಗಲಿಲ್ಲ. ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ ಇಲ್ಲಿ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಇದ್ದಿಲು, ಭದ್ರೆಯ ನೀರು. ಕಾರ್ಖಾನೆ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕೆ ಕೂತಿದ್ದು ನಿಮಗೂ ನೆನಪಿರಬಹುದು. ಇಂಥ ಊರಲ್ಲಿ ನಿಂತು 'ಕತ್ತಲು ಚೆಂದ' ಅಂದ್ರೆ ಯಾರಿಗೆ ಹಿತ ಆಗುತ್ತೆ ಹೇಳಿ?

ಉತ್ತರ ಸಿಕ್ಕಿದ್ದು ಪಕ್ಕದ ಮನೆ ದೀಪದಿಂದ. ಆಂಟಿ ಹಿಂಬಾಗಿಲಿಗೆ ಹೊಸ ಎಲ್‌ಇಡಿ ಫ್ಲಡ್‌ಲೈಟ್ ಹಾಕ್ಸಿದ್ರು. ಅರ್ಧ ಬೆಳಕು ಅವರ ಅಂಗಳಕ್ಕೆ, ಇನ್ನರ್ಧ ನೇರ ಆಕಾಶಕ್ಕೆ. "ಆರಿಸ್ತೀರಾ ಆಂಟಿ?" ಅಂದೆ. "ಕಳ್ಳರು ಬಂದ್ರೆ ನೀನು ಬರ್ತೀಯಾ?" ಅಂದ್ರು. ಅವರು ಹೇಳಿದ್ದೂ ಸರಿಯೇ, ಒಬ್ಬರೇ ಇರೋದು. ಕೊನೆಗೆ ಅಪ್ಪನೇ ಏಣಿ ತಂದ್ರು. ದೀಪದ ಮುಖ ಕೆಳಗೆ ತಿರುಗಿಸಿ, ತಗಡಿನ ಒಂದು ಮರೆ ಮಾಡಿ ಕೂರಿಸಿದ್ರು. ಆಂಟಿ ಅಂಗಳ ಮೊದಲಿಗಿಂತ ಬೆಳಕಾಯ್ತು, ನನ್ನ ಆಕಾಶ ಕಪ್ಪಾಯ್ತು. ನನಗೆ ಬೇಕಿರೋದು ಇಂಥ ಕತ್ತಲು. ಕೆಲಸ ನಿಂತು ಬಂದ ಕತ್ತಲು ಬೇಡ. ಆಕಾಶಕ್ಕೆ ಹೋಗೋ ಬೆಳಕಿಂದ ಯಾರ ಹೊಟ್ಟೆಯೂ ತುಂಬಲ್ಲ, ಕರೆಂಟ್ ಬಿಲ್ ಮಾತ್ರ ಬರುತ್ತೆ.

ಆ ವಾರವೇ ನೂರು ಫೋಟೋ ಕೂಡಿಸಿ ನೀಹಾರಿಕೆ ಸಿಕ್ಕಿತು. ಅಪ್ಪನಿಗೆ ತೋರಿಸಿದೆ. ನಸುಗೆಂಪು ಬಣ್ಣದ ಹೊಗೆ ಥರ. "ಬಣ್ಣ ನೀನು ಹಾಕಿದ್ದಾ?" ಅಂತ ಕೇಳಿದ್ರು. ಇಲ್ಲ, ಅದು ಹೈಡ್ರೋಜನ್ ಅನಿಲದ್ದೇ ಬಣ್ಣ. ಮಂದ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಆಮೇಲೆ ಆರ್ದ್ರಾ ತೋರಿಸಿ ಹೇಳಿದೆ: ಇಂಥ ದೊಡ್ಡ ನಕ್ಷತ್ರದ ಹೊಟ್ಟೆಯಲ್ಲಿ ಹಗುರ ಧಾತುಗಳು ಬೆಂದು ಬೆಂದು ಕೊನೆಗೆ ಕಬ್ಬಿಣ ಆಗುತ್ತೆ. ಅಲ್ಲಿಗೆ ಉರಿ ನಿಲ್ಲುತ್ತೆ, ನಕ್ಷತ್ರ ಕುಸಿದು ಸಿಡಿಯುತ್ತೆ. ಕೆಮ್ಮಣ್ಣುಗುಂಡಿ ಅದಿರಿನ ಕಬ್ಬಿಣವೂ ಭೂಮಿ ಹುಟ್ಟೋ ಮೊದಲು ಯಾವುದೋ ನಕ್ಷತ್ರಗಳಲ್ಲಿ ತಯಾರಾದದ್ದೇ.

ಅಪ್ಪ ಫೋಟೋವನ್ನು ದೊಡ್ಡದು ಮಾಡಿ ನೋಡಿದ್ರು. "ಹಂಗಾದ್ರೆ ಅಲ್ಲೂ ಶಿಫ್ಟ್ ನಡೀತಾ ಇದೆ ಅನ್ನು" ಅಂದ್ರು. ಈಗ ಶನಿವಾರ ಹೇರ್ ಡ್ರೈಯರ್ ಹಿಡಿಯೋದು ಅವರೇ.

ನಿಮ್ಮ ಹತ್ರ ಕ್ಯಾಮೆರಾ ಇಲ್ವಾ? ಫೋನ್ ಸಾಕು. ಅಮಾವಾಸ್ಯೆ ಹತ್ತಿರದ ದಿನ ನೋಡಿಕೊಳ್ಳಿ. ಫೋನನ್ನು ಇಟ್ಟಿಗೆಗೋ ಕೊಡಕ್ಕೋ ಅಲುಗದ ಹಾಗೆ ಒರಗಿಸಿಡಿ. ಪ್ರೊ ಮೋಡಲ್ಲಿ ಐಎಸ್‌ಒ 1600, ಶಟರ್ 10 ಸೆಕೆಂಡ್, ಫೋಕಸ್ ಅನಂತಕ್ಕೆ, ಟೈಮರ್ 3 ಸೆಕೆಂಡ್. ಯಾವ ನಕ್ಷತ್ರ ಎಲ್ಲಿದೆ ಅನ್ನೋದನ್ನ ಸ್ಟೆಲೇರಿಯಂ ಆ್ಯಪ್ ತೋರಿಸುತ್ತೆ. ಕಣ್ಣಿಗೆ ಕತ್ತಲು ಒಗ್ಗೋಕೆ ಇಪ್ಪತ್ತು ನಿಮಿಷ ಬೇಕು, ಅಲ್ಲಿವರೆಗೆ ವಾಟ್ಸ್ಆ್ಯಪ್ ನೋಡಬೇಡಿ. ಮೊದಲ ಫೋಟೋ ಕೆಡುತ್ತೆ, ಕೆಡಲಿ ಬಿಡಿ.

ಹಾಗೇ ನಿಮ್ಮ ಮನೆ ಹೊರಗಿನ ದೀಪ ಎತ್ತ ಮುಖ ಮಾಡಿದೆ ಅಂತ ಒಮ್ಮೆ ನೋಡಿ. ಮೇಲಕ್ಕಿದ್ರೆ ಒಂದು ಏಣಿ, ಒಂದು ತುಂಡು ತಗಡು ಸಾಕು.